ಸೀಮೆಸುಣ್ಣ

ಬೋರ್ಡು ಬದಲಿಸಲು ಇಬ್ಬರು ಬಂದಿದ್ದಾರೆ, ಒಂದೇ ಏಣಿ.
ಹಳೆಯದು 'ಪ್ರದೇಶ ಅಧ್ಯಯನ ಕೇಂದ್ರ'.
'ದೇ'ಗಿದ್ದ ದೀರ್ಘ ಉದುರಿ ಎರಡು ವರ್ಷವಾದರೂ
ಯಾರೂ ಅಂಟಿಸಿರಲಿಲ್ಲ.
ಹೊಸದರಲ್ಲಿ 'ಜಾಗತಿಕ' ಇದೆ. ಎಲ್‌ಇಡಿ. ಹಗಲಲ್ಲೂ ಉರಿಯುತ್ತದೆ.

ನಾನು ಗಂಟೆ ಲೆಕ್ಕದ ಮೇಡಂ.
ಮಂಡ್ಯದಿಂದ ಬೆಳಗಿನ ಪ್ಯಾಸೆಂಜರು,
ಸ್ಟೇಷನ್ನಿನಿಂದ ಗಂಗೋತ್ರಿಗೆ ಆಟೋ.
'ಯಾವ ಏರಿಯಾ?' ಅನ್ನುತ್ತಾನೆ ಡ್ರೈವರು.
ಅದನ್ನೇ ಕಲಿಸೋದಪ್ಪಾ ನಾನು, ಅಂದೆ ಒಮ್ಮೆ.
ನಗಲಿಲ್ಲ. ಮೀಟರೂ ಹಾಕಲಿಲ್ಲ.

ಮೊದಲ ತರಗತಿಗೆ ಹಲಗೆಯ ಮೇಲೆ ಒಂದೇ ಪದ: ಸೀಮೆ.
ಸೀಮೆ ಎಂದರೆ ಎಲ್ಲೆ, ಎಲ್ಲೆಯೊಳಗಿನ ನಮ್ಮ ನಾಡು.
ಹಡಗಿನಲ್ಲಿ ಬಂದಿಳಿದದ್ದಕ್ಕೂ ಅದೇ ಹೆಸರು:
ಸೀಮೆಎಣ್ಣೆ, ಸೀಮೆಹಸು, ಸೀಮೆಬದನೆ.
ಹಾಗಾದರೆ ನನ್ನ ಕೈಲಿರುವ ಈ ತುಂಡು
ಯಾವ ಸೀಮೆಯ ಸುಣ್ಣ ಎಂದರೆ
ಹುಡುಗರು ಫೋನು ನೋಡುತ್ತಾರೆ.

ಅಜ್ಜಿ ಹೊಂಬಾಳಮ್ಮನನ್ನು ನಾನು ಓದಿದ್ದು ಇಲ್ಲೇ,
ರಟ್ಟು ಕಿತ್ತುಹೋದ ಒಂದು ಪುಸ್ತಕದಲ್ಲಿ.
ನಾಲೆ ಬಂದ ಮೇಲೆ ನಮ್ಮೂರು ಏನಾಯಿತೆಂದು ನೋಡಲು
ದೂರದ ಯೂನಿವರ್ಸಿಟಿಯೊಂದು ಕಳಿಸಿದ ಬಿಳಿಯ ಆಸಾಮಿ
ಹದಿನಾಲ್ಕು ತಿಂಗಳು ನಮ್ಮ ಜಗುಲಿಯಲ್ಲಿ ಮಲಗಿದ್ದನಂತೆ.
ಪುಟ ೨೧೨: 'ಮಾಹಿತಿದಾರಳು ೧೪. ವಿಧವೆ.
ನೀರಿನ ಸರದಿಯ ಬಗ್ಗೆ ಉತ್ತರಿಸಲು ನಿರಾಕರಿಸಿದಳು.'
ನಿರಾಕರಿಸಿರಲಿಲ್ಲ. ಅವಳಂದದ್ದು ಮನೆಮಂದಿಗೆಲ್ಲ ಬಾಯಿಪಾಠ:
'ನಿಮ್ಮೂರಲ್ಲಿ ರಾತ್ರಿ ನೀರ್ ಕಟ್ಟೋರ್ ಯಾರ್ಲಾ ಮಗಾ?
ಅದ ಹೇಳು ಮೊದ್ಲು. ಆಮೇಲ್ ನಾ ಹೇಳ್ತೀನಿ.'
ಅವನ ಹಾಳೆಯಲ್ಲಿ ಅದಕ್ಕೆ ಕಾಲಂ ಇರಲಿಲ್ಲ.

ಈಗ ಅಂಥವರೂ ಬರುವುದಿಲ್ಲ.
ಅಲ್ಲಿಯೂ ಕೇಂದ್ರ ಮುಚ್ಚಿದೆಯಂತೆ,
ದುಡ್ಡು ಬೇರೆ ನಕ್ಷೆಗೆ ಹೋಗಿದೆ.
ನಮ್ಮ ಸುತ್ತೋಲೆಯಲ್ಲಿ ಹಳ್ಳಿಗೆ ಬಸ್ ಚಾರ್ಜಿಲ್ಲ,
ಡೇಟಾಬೇಸಿಗೆ ಚಂದಾ ಇದೆ.
ಸಿಂಹಳ ಕಲಿಸುತ್ತಿದ್ದ ಮೇಷ್ಟ್ರು ನಿವೃತ್ತರಾದರು.
ಅವರ ಕುರ್ಚಿ, ಒಳ್ಳೆ ತೇಗದ ಕುರ್ಚಿ,
ಪ್ಲೇಸ್‌ಮೆಂಟ್ ಸೆಲ್ಲಿಗೆ ಹೋಯಿತು.

ಜವಾದಿ ಬಂದದ್ದು ಈ ಗಲಾಟೆಯ ನಡುವೆ.
ಟಾಂಜಾನಿಯಾದವಳು, ಸರಸ್ವತಿಪುರಂನಲ್ಲಿ ರೂಮು.
'ಸ್ವಲ್ಪ ಜರುಗಿ' ಎನ್ನುವುದನ್ನು
ಸಿಟಿ ಬಸ್ಸು ಅವಳಿಗೆ ಚೆನ್ನಾಗಿ ಕಲಿಸಿದೆ.
'ಆಫ್ರಿಕಾ' ಎಂದು ಬಣ್ಣದಲ್ಲಿ ಬರೆದ ಬೀರು ಕಂಡು
ಕೀ ಎಲ್ಲಿ ಎಂದಳು.
ಅಟೆಂಡರ್ ಶಿವಮಾದು ತಲೆ ಕೆರೆದುಕೊಂಡ.
ಏಳು ಹೆಡ್ಡುಗಳ ಕಾಲದಿಂದ ಯಾರೂ ಕೇಳಿಲ್ಲವಂತೆ.
ಸುತ್ತಿಗೆ ತಂದ.
ಒಳಗೆ ಈಗಿಲ್ಲದ ದೇಶಗಳ ನಕ್ಷೆ, ಜಿರಲೆ ಮೊಟ್ಟೆ,
ಒಂದು ಡಬ್ಬಿ ಸೀಮೆಸುಣ್ಣ, ಸೀಲು ಒಡೆಯದ್ದು.

ನಕ್ಷೆಯಲ್ಲಿ ಅವಳೂರು ಇರಲಿಲ್ಲ, ನದಿಯಿತ್ತು.
ಅದರ ಮೇಲೆ ಬೆರಳಿಟ್ಟು ಹೇಳಿದಳು:
ಇಲ್ಲಿ ಪೂರ್ತಿ ಕಬ್ಬು. ಕಾರ್ಖಾನೆಯ ಸೈರನ್ನು.
ನೀರು ಬರುವುದು ನಡುರಾತ್ರಿ ಎರಡಕ್ಕೆ.
ಕಟ್ಟುವುದು ನಮ್ಮಮ್ಮ.

ನಾನು ಕೂತುಬಿಟ್ಟೆ.
ಅಜ್ಜಿ ಕೇಳಿ ಐವತ್ತೆರಡು ವರ್ಷ.

'ನಿಮ್ಮೂರಲ್ಲಿ?' ಎಂದಳು, ನೋಟ್‌ಬುಕ್ ತೆಗೆಯದೆ.
ನನಗೆ ಗೊತ್ತಿರಲಿಲ್ಲ. ಚಿಕ್ಕಪ್ಪನಿಗೆ ಫೋನು ಹಚ್ಚಿದೆ.
'ಈಗ ನಾವೆಲ್ಲವ್ವ ಕಟ್ತೀವಿ? ಬಿಹಾರದ ಹೈದ ಒಬ್ಬ ಅವ್ನೆ.'
ಹೆಸರೇನು?
'ಕೇಳಿಲ್ಲ ಕನವ್ವ.'

ಹೊರಗೆ ಏಣಿಯ ಮೇಲಿಂದ ಕೂಗು:
'ಮೇಡಂ, ಒಸಿ ಬಂದು ನೋಡಿ,
ನೆಟ್ಟಗೈತಾ?'