ಅರ್ಧ ಮಾತ್ರ ಕೇಳು

ಪೇಂಟನ್ನಿನ ಹಳೆಯ ಮೆಥಡಿಸ್ಟ್ ಹಾಲಿನಲ್ಲಿ
ಶನಿವಾರ ಹತ್ತಕ್ಕೆ ಬಾಗಿಲು ತೆಗೆಯುತ್ತೇವೆ.
ಟೋಸ್ಟರು, ರೇಡಿಯೊ, ಗಂಟು ಬಿದ್ದ ಟೇಪ್ ರೆಕಾರ್ಡರು,
ಒಮ್ಮೆ ಗೋಡೆಗೆ ತೂಗುಹಾಕುವ ಹಾಡುವ ಮೀನು.
ಅದನ್ನು ಸರಿಮಾಡಿಕೊಟ್ಟದ್ದಕ್ಕೆ ನನಗೆ ಇಂದಿಗೂ ಪಶ್ಚಾತ್ತಾಪ.

ಈ ವಾರ ಬಂದದ್ದು ಆಸಿಲೋಸ್ಕೋಪು.
ತಂದವನು ಡೆನ್ಜಿಲ್; ಮಾವ ದೋಣಿಗಳ ರೇಡಿಯೊ ರಿಪೇರಿಯವನು.
ಹದಿನೆಂಟು ವರ್ಷ ಅಟ್ಟದ ಮೇಲಿತ್ತಂತೆ.
ಪ್ಲಗ್ ಹಾಕಿದೆ. ಹಸಿರು ಗೆರೆಯೊಂದು ಎದ್ದಿತು,
ಹೊರಗಿನ ಕಡಲಂಚಿನಷ್ಟೇ ನೆಟ್ಟಗೆ.
"ನೋಡಿ" ಅನ್ನುವಷ್ಟರಲ್ಲಿ
ಢಬ್.
ಕಿತ್ತಳೆ ಕಿಡಿ. ಆಮೇಲೆ ಆ ವಾಸನೆ,
ಸುಟ್ಟ ಕೂದಲಿಗೂ ಸೀದ ಬೆಲ್ಲಕ್ಕೂ ನಡುವಿನದು,
ಕೋಟಿಗೆ ಹತ್ತಿದರೆ ಮಂಗಳವಾರದವರೆಗೂ ಬಿಡದು.

ಬೆರಿಲ್ ಲಸ್ಕಮ್ ಕೈಯಲ್ಲಿದ್ದ ಚಹಾ ಕೆಳಗಿಡಲಿಲ್ಲ.
"ಟ್ಯಾಂಟಲಮ್" ಅಂದಳು,
ಪಕ್ಕದ ಮನೆಯ ಪುಂಡನ ಹೆಸರು ಹೇಳುವ ಹಾಗೆ.

ಎಪ್ಪತ್ತೆಂಟು ಅವಳಿಗೆ. ಹತ್ತೊಂಬತ್ತರಿಂದ ಮದುವೆಯವರೆಗೆ,
ಮದುವೆ ಮುರಿದ ಮೇಲೆ ಮತ್ತೆ,
ಇದೇ ಊರಿನ ಕಾರ್ಖಾನೆಯಲ್ಲಿ
ತೊಗರಿಕಾಳಿನಂಥ ಗುಳಿಗೆಗಳನ್ನು ಸಾಲಾಗಿ ಕಟ್ಟಿ
ಹಳದಿ ರಾಳದಲ್ಲಿ ಅದ್ದುತ್ತಿದ್ದವಳು.
ಒಳಗೆ ಲೋಹದ ಪುಡಿ, ಸ್ಪಂಜಿನ ಹಾಗೆ ಬೆಂದದ್ದು,
ರಂಧ್ರ ರಂಧ್ರಕ್ಕೂ ಕಣ್ಣಿಗೆ ಕಾಣದ ಪೊರೆ;
ಒಂದು ಕಾಳಿನೊಳಗೆ ಮಡಿಸಿಟ್ಟ ಅಂಗಳ.
ಪೊರೆ ಬಿರಿದರೆ ಮೇಲೆ ಬಳಿದ ಕಪ್ಪು ಮದ್ದು
ತಾನೇ ಕಾದು ಗಾಯ ಮುಚ್ಚುತ್ತದೆ.
ಒಮ್ಮೆಗೇ ಬಹಳ ನುಗ್ಗಿದರೆ ಮಾತ್ರ
ಅದೇ ಮದ್ದು ಬೆಂಕಿಗೆ ಉಸಿರು ಕೊಡುತ್ತದೆ.

"ಇವಕ್ಕೆ ಮುಪ್ಪಿಲ್ಲ ಕಣೆ.
ಆ ಅಲ್ಯುಮಿನಿಯಂ ಡಬ್ಬಿಗಳನ್ನು ನೋಡು,
ಒಳಗೆ ಒಣಗಿ, ತಲೆ ಉಬ್ಬಿ, ನನ್ನಂತೆ ಹೇಳಿಕೇಳಿ ಸಾಯುತ್ತವೆ.
ಇವು ಮೊದಲ ವಾರ ಸಾಯಬೇಕು,
ಇಲ್ಲ ನಮ್ಮನ್ನೆಲ್ಲ ಹೂತು ಉಳಿಯಬೇಕು.
ಇರುವುದೊಂದೇ ಭಯ, ಸ್ವಿಚ್ಚು ಹಾಕುವವರ ಅವಸರ."

ಬೂದಿ ಒರೆಸಿದೆ. ಉಳಿದ ಚೂರಿನ ಮೇಲೆ ಹದಿನಾರು ವೋಲ್ಟ್ ಅಂತಿತ್ತು.
ತಂತಿಯಲ್ಲಿ ಹರಿಯುತ್ತಿದ್ದದ್ದು ಹದಿನೈದು.
"ಪುಣ್ಯಾತ್ಮ!" ಅಂದಳು, ಅದನ್ನು ರಚಿಸಿದ ಎಂಜಿನಿಯರಿಗೆ.
"ಮೂವತ್ತೈದರದ್ದು ಹಾಕು.
ಮೈಮೇಲೆ ಬರೆದದ್ದರಲ್ಲಿ ಅರ್ಧ ಮಾತ್ರ ಕೇಳು."

ನಾನು ಆಸ್ಪತ್ರೆಯಲ್ಲಿ ಉಸಿರಾಟದ ಯಂತ್ರಗಳನ್ನು ನೋಡಿಕೊಳ್ಳುವವಳು.
ನನ್ನ ಮೈಮೇಲೆ ಎಷ್ಟೆಂದು ಬರೆದಿದೆಯೋ,
ಡ್ಯೂಟಿ ಹಾಕುವವರು ಓದಿದಂತಿಲ್ಲ.

ಸತ್ತ ಬೋರ್ಡುಗಳಿಂದ ಕಿತ್ತದ್ದು ಮಾರ್ಮಲೇಡಿನ ಜಾಡಿಗೆ.
ಮೊರದಲ್ಲಿ ಕಲ್ಲು ಆರಿಸಿದಂತೆ ಆರಿಸುತ್ತೇವೆ,
ನೀಲಿ ಬೇರೆ, ಹಳದಿ ಬೇರೆ, ಚಪ್ಪಟೆ ಬೇರೆ.
ದೊಡ್ಡ ಕುಲುಮೆಗಳಿಗೆ ಬೇಕಾದದ್ದು ಚಿನ್ನ, ತಾಮ್ರ.
ಇದು ಕಿಟ್ಟದಲ್ಲಿ ಸೇರಿ ಎಲ್ಲೋ ರಸ್ತೆಯ ಕೆಳಗೆ ಮಲಗುತ್ತದೆ;
ಯಾರೋ ಮಂಡಿಯುದ್ದ ಕೆಸರಲ್ಲಿ ನಿಂತು
ಮತ್ತೊಂದು ಹಿಡಿ ಅಗೆಯುತ್ತಾರೆ.

ಹೆಸರಿನ ಕಥೆ ಹೇಳಿದ್ದೂ ಬೆರಿಲ್ಲೇ:
ಗ್ರೀಕರ ಅರಸನೊಬ್ಬ, ಕೊರಳಮಟ್ಟ ನೀರಲ್ಲಿ ನಿಂತೂ ಬಾಯಾರಿದವನು.
ಆಮ್ಲದಲ್ಲಿ ಮುಳುಗಿಸಿದರೂ ಈ ಲೋಹ ಗುಟುಕು ಕುಡಿಯದಂತೆ.
ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುತ್ತೇವೆ ನಮ್ಮಲ್ಲಿ, ಅಂದೆ.
ನಕ್ಕು ಜಾಡಿ ಅಲ್ಲಾಡಿಸಿದಳು:
ಕೊಳ್ಳುವವನು ಕೇಳುವುದು ಇಪ್ಪತ್ತೈದು ಕಿಲೊ,
ನಾಲ್ಕು ವರ್ಷಕ್ಕೆ ನಮ್ಮದು ಆರುನೂರು ಗ್ರಾಮ್.

ಪಕ್ಕದ ತಂತಿಯಿಂದ ಇನ್ನೊಂದನ್ನು ಕಿತ್ತು ಕೊಟ್ಟೆ.
ಕಿಟಕಿಗೆ ಹಿಡಿದಳು. ರಾಳದ ಬಾಲ ಓರೆಯಾಗಿತ್ತು.
"ಸೋಮವಾರದ ಕೆಲಸ. ನನ್ನದಿರಬಹುದು.
ಐಲೀನಳದ್ದೂ ಇರಬಹುದು, ಅವಳಿಗೆ ಎಲ್ಲ ದಿನವೂ ಸೋಮವಾರ."
ಬರೆದದ್ದು ನಾಲ್ಕು ಪಾಯಿಂಟ್ ಏಳು.
ಮೀಟರು ಹೇಳಿದ್ದು ನಾಲ್ಕು ಪಾಯಿಂಟ್ ಆರು.
ಜಾಡಿಗೆ ಹಾಕಿದಳು. ಮತ್ತೆ ಬೆರಳು ಇಳಿಸಿ ಹುಡುಕಿ
ತೆಗೆದು ಕನ್ನಡಕದ ಡಬ್ಬಿಯೊಳಗಿಟ್ಟಳು.

ಡೆನ್ಜಿಲ್ ಕೇಳಿದ, ಇನ್ನೆಷ್ಟು ದಿನ ಬಂದೀತು ಇದು?
ಅವಳಾಗಲೇ ಕಪ್ಪು ತೊಳೆಯುತ್ತಿದ್ದಳು.

ಬಸ್ಸಿನಲ್ಲಿ ಪಕ್ಕದ ಮಗು
ನನ್ನ ಕೋಟು ಮೂಸಿ, ಅಮ್ಮನ ಕಡೆ ಸರಿದು ಕೂತಿತು.