ಕೈ ತಾಗುವ ಮೊದಲು

ಮಣಿಪಾಲದ ಆ ಕೋಣೆಗೆ ಕಿಟಕಿಯಿರಲಿಲ್ಲ.
ಎ.ಸಿ.ಯ ಚಳಿಗೆ ಮೊಣಕಾಲಿನ ಹಳೇ ನೋವು
ಎದ್ದು ಕೂತಿತ್ತು.
ತಲೆಗೆ ತಂತಿಗಳ ಟೋಪಿ ತೊಡಿಸುತ್ತ ಹುಡುಗ ಕೇಳಿದ:
"ಎಣ್ಣೆ ಹಚ್ಚಬೇಡಿ ಅಂದಿದ್ದೆವಲ್ಲ ಮೇಡಂ?"
ಹಚ್ಚಿರಲಿಲ್ಲ. ಅದು ಪಡುಕರೆಯ ಗಾಳಿ,
ತೊಳೆದರೆ ಹೋಗುವಂಥದಲ್ಲ.

ಮೊದಲು ಅಂಕಿಗಳು.
ಏಳು, ಎರಡು, ಒಂಬತ್ತು, ನಾಲ್ಕು, ಮತ್ತೆ ಎರಡು;
ಹಿಂದಿನಿಂದ ಹೇಳಿ ಅಂದರೆ ನಡುದಾರಿಯಲ್ಲೇ ತಡವರಿಸಿದೆ.
ಆಮೇಲೆ ಬಣ್ಣ. ಹಸಿರು ಶಾಯಿಯಲ್ಲಿ
'ಕೆಂಪು' ಎಂದು ಬರೆದಿಟ್ಟಿದ್ದಾರೆ,
ಕಣ್ಣನ್ನು ನಂಬಲೋ ಅಕ್ಷರವನ್ನೋ?
ದೀಪ ಹತ್ತಿದೊಡನೆ ಗುಂಡಿ ಒತ್ತು ಅಂದರು, ಒತ್ತಿದೆ.
ಹುಡುಗ ಬರೆದುಕೊಂಡ. ಮುಖದಲ್ಲಿ ಏನೂ ಇಲ್ಲ.
ಅವನ ಹೆಬ್ಬೆರಳು ಮಾತ್ರ
ಪೆನ್ನಿನ ತುದಿಯನ್ನೊಮ್ಮೆ ಮೆಲ್ಲಗೆ ಅದುಮಿತು.
ಸಾಧಾರಣ, ಎಂದು ಓದಿಕೊಂಡೆ.

ತಂತಿಯ ಟೋಪಿಯಿಲ್ಲದೆ ಇದನ್ನೇ
ಏಳನೇ ಕ್ಲಾಸಿನ ಲೆಕ್ಕದ ಮಾಸ್ಟ್ರು ಕಂಡುಹಿಡಿದಿದ್ದರು:
"ವಾಮನ ಪುತ್ರನ್ನ ಮಗಳಿಗೆ ಬುದ್ಧಿ ಮೊಣಕಾಲಲ್ಲಿ!"
ಕ್ಲಾಸು ನಕ್ಕಿತು, ನಾನೂ ನಕ್ಕೆ.
ಆ ಮೊಣಕಾಲೇ ರೈಲ್ವೆಯ ನೌಕರಿ ಕೊಡಿಸಿತು,
ಬೇರೆ ಬಣ್ಣದ ಅಂಗಿ ತೊಡಿಸಿತು.
ಲಿಬೆರೊ ಅಂದರೆ ಹಾಗೆ,
ತಂಡದಲ್ಲಿ ಒಬ್ಬಳಿಗೇ ಬೇರೆ ಬಣ್ಣ,
ಹಾರುವ ಕೆಲಸವಿಲ್ಲ, ಬೀಳುವ ಕೆಲಸ.
ಈಗ ಅದರೊಳಗೆ ಎರಡು ಸ್ಕ್ರೂ.

ಕೊನೆಗೆ ವಿಡಿಯೋ.
ನೆಟ್ಟಿನಾಚೆ ಯಾವೂರವಳೋ ಒಬ್ಬಳು
ಓಡಿ ಬಂದು ಹಾರಿ ಕೈ ಹಿಂದಕ್ಕೆಳೆಯುತ್ತಾಳೆ,
ಕತ್ತಲು.
ಚೆಂಡಿಗೆ ಕೈ ತಾಗುವ ಮೊದಲೇ ಪರದೆ ಕತ್ತಲು.
"ಎಲ್ಲಿ ಬೀಳುತ್ತದೆ?"
ಹಿಂದೆ, ಎಡಮೂಲೆ. ಗೆರೆಯಿಂದ ಒಂದು ಗೇಣು ಒಳಗೆ.
ಮತ್ತೊಬ್ಬಳು. ಇವಳು ಹೊಡೆಯುವವಳಲ್ಲ,
ಬ್ಲಾಕಿನ ಬೆನ್ನಿಗೆ ಮೆಲ್ಲ ತಟ್ಟಿ ಬಿಡುತ್ತಾಳೆ.
ಮತ್ತೊಬ್ಬಳು. ಭುಜ ಸುಳ್ಳು ಹೇಳುತ್ತಿದೆ, ಸೊಂಟ ನಿಜ.
ಕತ್ತಲನ್ನು ಅವರು ಹಿಂದೆ ಹಿಂದೆ ಜಗ್ಗಿದರು:
ಕೈ ಎತ್ತುವ ಮೊದಲು,
ಕಾಲು ನೆಲ ಬಿಡುವ ಮೊದಲು,
ಒಂದೇ ಒಂದು ಹೆಜ್ಜೆ ಇಟ್ಟಿದ್ದಾಳೆ, ಅಷ್ಟೆ.
ಅಲ್ಲೂ ಚೆಂಡು ಕಾಣುತ್ತಿತ್ತು ನನಗೆ.
ಹುಡುಗ ಪೆನ್ನು ಕೆಳಗಿಟ್ಟ.
"ಹೇಗೆ ಗೊತ್ತಾಗುತ್ತದೆ?"
"ಗೊತ್ತುಜ್ಜಿ" ಅಂದೆ.
ಅಷ್ಟು ಹೊತ್ತು ನೆಟ್ಟಗೆ ಕನ್ನಡದಲ್ಲಿ ಕೂತಿದ್ದವಳು
ತುಳುವಿಗೆ ಜಾರಿಬಿಟ್ಟಿದ್ದೆ.

ಡಾಕ್ಟರ್ ಅನಘಾ ಪ್ರಭು ಗ್ರಾಫ್ ತೋರಿಸಿದರು:
"ನೀವು ಬೇಗ ಅಲ್ಲ, ನೀವು ಮುಂಚೆ."
ಫಾರಮಿನಲ್ಲಿ ಕಡೆಯ ಪ್ರಶ್ನೆ:
ಈ ಕೌಶಲ ದಿನದ ಬದುಕಿನಲ್ಲೂ ಒದಗಿದೆಯೇ?
ಅಕ್ಕನ ಗಂಡ ಚೀಟಿಯ ದುಡ್ಡೆತ್ತಿಕೊಂಡು ಹೋದ ವರ್ಷ ನೆನಪಾಯಿತು.
ನಮ್ಮ ಜಗಲಿಯಲ್ಲೇ ಕೂತು ನೀರುದೋಸೆ ತಿಂದಿದ್ದ.
ಅವನ ಭುಜವಾಗಲಿ ಸೊಂಟವಾಗಲಿ
ನನಗೊಂದು ಮಾತೂ ಹೇಳಲಿಲ್ಲ.
ನಡುವೆ ನೆಟ್ಟಿರಲಿಲ್ಲ, ಅದಕ್ಕೇ ಇರಬೇಕು.
ಖಾಲಿ ಬಿಟ್ಟು ಸಹಿ ಹಾಕಿದೆ.
ಕೊಡೆ ಅಲ್ಲೇ ಮರೆತು ಮಲ್ಪೆ ಬಸ್ಸು ಹತ್ತಿದೆ.

ಸಂಜೆ ಪಡುಕರೆಯ ಹೊಯಿಗೆ ಅಂಗಳ.
ಚಾರ್ವಿಗೆ ಹದಿಮೂರು, ಮೈಯೆಲ್ಲ ಮೊಣಕೈ.
ಗ್ರಾಫಿನ ಅಮಲು ಇನ್ನೂ ಇಳಿದಿರಲಿಲ್ಲ ನನಗೆ:
"ಚೆಂಡು ನೋಡಬೇಡ ಮಗಾ, ಸೊಂಟ ನೋಡು."
ಪಾಪ, ಸೊಂಟವನ್ನೇ ನೋಡಿದಳು.
ಚೆಂಡು ಬಂದು ಮೂಗಿಗೆ ಬಡಿಯಿತು.
"ಹೀಗೆ" ಎಂದು ತೋರಿಸಲು ನಾನು ನಿಂತೆ.
ಸೊಂಟ, ಭುಜ, ಹೆಜ್ಜೆ,
ಒಂದೊಂದಾಗಿ ಓದುತ್ತ ಹೋದೆ,
ಅಂಕಿಗಳ ಹಾಗೆ, ಹಿಂದಿನಿಂದ.
ಇಪ್ಪತ್ತು ವರ್ಷಗಳಲ್ಲಿ ಮೊದಲ ಸಲ
ಚೆಂಡು ನನಗೆ ಚೆಂಡು ಬರುವ ಹೊತ್ತಿಗೇ ಕಂಡಿತು.
ಹಿಂದೆ ಹೊಯಿಗೆಯಲ್ಲಿ ಧಪ್ಪೆಂದಿತು.

ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು.

ಮೂಗು ಒರೆಸಿಕೋ, ಅಂದೆ.
ನಾನು ಹೇಳಿದ್ದನ್ನು ಬಿಟ್ಟುಬಿಡು.
ನನಗೆ ಲಕ್ಷ ಚೆಂಡು ಬೇಕಾಯಿತು,
ನಿನಗೆ ಇವತ್ತಿಗೆ ಹನ್ನೆರಡಾಯಿತು.
ನಿಲ್ಲು.
ಹದಿಮೂರು.