ಅಂಗೈ ಭಾರ

ಬಿಚ್ಚಿ ಹರವಿಟ್ಟಿದ್ದಾನೆ ದ್ವೊಮೊ ಮೇಸ್ತ್ರಿ
ಹಳೆಯ ಗೋಣಿಚೀಲದ ಮೇಲೆ
ನನ್ನ ವ್ಯಾನಿನ ಹೊಟ್ಟೆಯೊಳಗಿನದನ್ನೆಲ್ಲ.
ಕುಮಾಸಿಯ ಸುವಾಮೆಯಲ್ಲಿ ಬೆಳಗಿನ ಹನ್ನೊಂದು.
ಮರುಭೂಮಿ ಕಡೆಯ ಒಣಗಾಳಿ ಧೂಳು ಹೊತ್ತು ತಂದು
ಎಣ್ಣೆ ಬಿದ್ದಲ್ಲೆಲ್ಲ ಅಂಟಿಸುತ್ತಿದೆ;
ಮಗ್ಗುಲ ಶೆಡ್ಡಿನಲ್ಲಿ ಯಾರೋ ಲಾರಿಯೊಂದರ ಬೆನ್ನನ್ನು
ಬಡಿದು ಬಡಿದು ನೆಟ್ಟಗೆ ಮಾಡುತ್ತಿದ್ದಾರೆ.

"ನೋಡಮ್ಮ ಕೊನಾದು, ಮೂರನೇ ಗೇರಿಗೆ ಐದು ಹಲ್ಲಿಲ್ಲ."
ಅನ್ನುವವನ ಬಾಯಲ್ಲೂ ಅಷ್ಟೇ ಕಮ್ಮಿ.
ನಗು ಬಂತು. ನುಂಗಿದೆ.
ಇಲ್ಲಿ ನಗುವವರಿಗೆ ರೇಟು ಹೆಚ್ಚು.

ಎದುರಿನ ಕಂಟೇನರಿನಲ್ಲಿದೆ
ಆಂಟ್‌ವರ್ಪಿನಿಂದ ಹಡಗು ಹತ್ತಿ ಬಂದ ಗೇರ್‌ಬಾಕ್ಸು,
ಆರು ಸಾವಿರ ಸೆಡಿ, ಸಂಜೆಗೇ ಕೂರಿಸಿಕೊಡುತ್ತಾರೆ.
ಬ್ರೆಡ್ಡು ಹಂಚುತ್ತಿದ್ದ ಗಾಡಿಯದಂತೆ,
ಚಳಿಯಲ್ಲೇ ಓಡಿದ್ದಂತೆ, ಸೆಖೆಯನ್ನೇ ಕಂಡಿಲ್ಲವಂತೆ.
ಅಂತೆಕಂತೆಗಳಿಗೆಲ್ಲ ಗ್ಯಾರಂಟಿ
ಈ ಗೇಟು ದಾಟುವ ತನಕ.
ನಾನು ಬಟ್ಟೆ ಮಾರುವವಳು,
ಕಡಲಾಚೆಯಿಂದ ಬರುವ ಮೂಟೆಗಳನ್ನು ಬಲ್ಲೆ:
ಮೇಲಿನ ನಾಲ್ಕು ಅಂಗಿ ಹೊಚ್ಚ ಹೊಸದರ ಹಾಗೆ,
ಕೆಳಗೆ ಯಾರದೋ ಬೆವರು.

ರಿಪೇರಿಯಾದರೆ ನಾಲ್ಕು ಸಾವಿರ, ಐದು ದಿನ.
ವ್ಯಾನು ನಿಂತರೆ ದಿನಕ್ಕೆ ನಾನೂರು ಖೋತಾ.
ಬೆರಳ ಗೆಣ್ಣುಗಳ ಮೇಲೆ ಎಣಿಸಿದೆ,
ಕೈ ಬದಲಿಸಿ ಎಣಿಸಿದೆ;
ತಕ್ಕಡಿ ಎರಡೂ ಕಡೆ ಆರು ಸಾವಿರಕ್ಕೇ ನಿಂತಿತು,
ಸಂತೆಯಲ್ಲಿ ಎಂದೂ ನಿಲ್ಲದ ತಕ್ಕಡಿ.

"ನಿಮ್ಮ ಗೇರ್‌ಬಾಕ್ಸು ಅನ್ನುತ್ತೀರಲ್ಲ,"
ಸೀಮೆಎಣ್ಣೆಯಲ್ಲಿ ಕೈ ಅದ್ದುತ್ತ ಮೇಸ್ತ್ರಿ,
"ಎರಡನೇ ಗೇರಿನ ಹಲ್ಲು ನಾನೇ ಕಡೆದದ್ದು,
ನಿಮ್ಮ ಚಿಕ್ಕಮ್ಮನ ಕಾಲದಲ್ಲಿ.
ಆ ಬೇರಿಂಗು ಯಾವುದೋ ಆಂಬುಲೆನ್ಸಿನದು.
ರಿವರ್ಸ್ ಎಲ್ಲಿಂದ ಬಂತೋ ದೇವರೇ ಬಲ್ಲ.
ಮೊದಲಿನದು ಅಂತ ಉಳಿದದ್ದು ಹೊರಗಿನ ಚಿಪ್ಪು,
ಅದಕ್ಕೂ ನಾಲ್ಕು ಕಡೆ ಬೆಸುಗೆ."

ಆಮೇಲೆ ಒರೆಸಿ ಕೈಗಿಟ್ಟ
ಗೇರುಗಳನ್ನು ಅತ್ತಿತ್ತ ಜರುಗಿಸುವ ಕವೆಯಂಥ ಕಬ್ಬಿಣ.
ಒಂದು ಮಗ್ಗುಲು ಮಾತ್ರ ಸವೆದು
ಬೆಳ್ಳಿ ಚಮಚದ ಹಾಗೆ ಹೊಳೆಯುತ್ತಿತ್ತು.
"ಇದು ಆಕ್ಸಿಡೆಂಟಲ್ಲ. ಇದು ಕೈ.
ನೇರ ರಸ್ತೆಯಲ್ಲೂ ಲಿವರಿನ ಮೇಲೆ ಕೈಯಿಟ್ಟೇ ಕೂರುವವರ ಭಾರ."

ಟೈರಿನ ಮೇಲೆ ಕೂತಿದ್ದ ಬದು, ನನ್ನ ಡ್ರೈವರು,
ಬಲಗೈಯನ್ನು ಮೆಲ್ಲಗೆ ಜೇಬಿಗೆ ಇಳಿಸಿಕೊಂಡ.

ಆ ಕೈ.
ಮಾಂಪೊಂಗಿನ ಇಳಿಜಾರಿನಲ್ಲಿ ಬ್ರೇಕು ಹೋದ ದಿನ
ಮೂರಕ್ಕೆ, ಎರಡಕ್ಕೆ, ಕಿರುಚುವ ಒಂದಕ್ಕೆ ಎಳೆದೆಳೆದು
ಹತ್ತೊಂಬತ್ತು ಜನರನ್ನು ನೆಲಕ್ಕೆ ಇಳಿಸಿಕೊಟ್ಟದ್ದು.
ಅಂದಿನಿಂದ ಅದು ಅಲ್ಲಿಂದ ಏಳಲೊಲ್ಲದು.

ಬದಲಿಸಬೇಕಾದ್ದು ಏನನ್ನು ಹಾಗಾದರೆ?
ಮೇಸ್ತ್ರಿ ಕೇಳಲಿಲ್ಲ. ಕಂಟೇನರಿನವನು ಕೇಳಿದ:
"ಹುಡುಗರು ಸಿಗುತ್ತಾರಮ್ಮ, ಹಗುರ ಕೈಯವರು."
ಹಗುರ ಕೈಯವರನ್ನು ಮಾರ್ಕೆಟ್ಟಿನಲ್ಲಿ ದಿನಾ ನೋಡುತ್ತೇನೆ,
ಗಲ್ಲಾಪೆಟ್ಟಿಗೆ ತೊಡೆ ಮೇಲೆ ಇಟ್ಟುಕೊಂಡು.

ಸೊಂಟದ ಬಟ್ಟೆಯ ಗಂಟು ಬಿಚ್ಚಿ
ಎರಡು ಸಾವಿರ ಎಣಿಸಿ ಮೇಸ್ತ್ರಿಗೆ ಕೊಟ್ಟೆ.
ಉಳಿದದ್ದು ಮೂರನೇ ಗೇರು ಬಿದ್ದ ಮೇಲೆ.
ಸರಿ ಮಾಡಿದೆನೋ ಇಲ್ಲವೋ, ಯಾರನ್ನೂ ಕೇಳಲಿಲ್ಲ.

ಐದು ದಿನ ಅಂದದ್ದು ಎಂಟಾಯಿತು.

ಮುಂದಿನ ಸೀಟಿನಲ್ಲಿ ನಾನೇ ಕೂತೆ.
ಒಂದು. ಎರಡು. ಮೂರು:
ಕಟ್ಟಿಸಿಕೊಂಡ ಹಲ್ಲಿನ ಹಾಗೆ ಚೂರು ತಡವರಿಸಿ
ಗಬಕ್ಕನೆ ಕಚ್ಚಿತು.
ಸಿಗ್ನಲ್ಲಿನಲ್ಲಿ ಹುಡುಗಿಯೊಬ್ಬಳು ಬಿಸಿ ಕಡಲೆ ಮಾರುತ್ತಿದ್ದಳು.
ಹಲ್ಲಿತ್ತು, ಕಡಲೆಯೂ ಇತ್ತು. ಕೊಂಡೆ.

ಬದುವಿನ ಕೈ ಸದ್ದಿಲ್ಲದೆ ಲಿವರಿನತ್ತ ಹೊರಟಿತು.
ನಡುವೆ ಪೊಟ್ಟಣ ಹಿಡಿದೆ. ತಿಂದ.
ಮತ್ತೆ ಹೊರಟಿತು. ಮತ್ತೆ ಹಿಡಿದೆ.
ತಾಫೊ ದಾಟುವಷ್ಟರಲ್ಲಿ ಪೊಟ್ಟಣದಲ್ಲಿ ಬರೀ ಸಿಪ್ಪೆ.

ಮುಂದೆ ಇಳಿಜಾರು.
ಕೈ ಹೋಗಿ ತನ್ನ ಜಾಗದಲ್ಲಿ ಕೂತಿತು.
ನಾನು ಕಿಟಕಿಯ ಕಡೆ ತಿರುಗಿ
ಮಡಿಲ ಸಿಪ್ಪೆ ಕೊಡವಿದೆ.